ಬೆರೆಯದ ಪ್ಲಾಸ್ಟಿಕ್‌ಗಳನ್ನು ಬೆಸೆಯುವ ಸಸ್ಯಮೂಲ ಸೇರ್ಪಡೆಗಳು: ಎಲ್ಲಿ ಉಪಯುಕ್ತ, ಎಲ್ಲಿ ಅಲ್ಲ

ಕೂದಲೆಳೆಯಷ್ಟು ದಪ್ಪದ ಒಂದು ಪ್ಯಾಕೆಟ್ ಹಾಳೆಯನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅದರೊಳಗೆ ಮೂರು, ಐದು, ಕೆಲವೊಮ್ಮೆ ಒಂಬತ್ತು ಪದರಗಳು ಕಾಣುತ್ತವೆ. ಒಳಗಿನ ಪಾಲಿಎಥಿಲೀನ್ ಪದರ ಬಿಸಿಗೆ ಕರಗಿ ಪ್ಯಾಕೆಟ್ಟಿನ ಬಾಯನ್ನು ಮುಚ್ಚುತ್ತದೆ; ನಡುವಿನ ನೈಲಾನ್ ಪದರ ಚುಚ್ಚಿದರೂ ಹರಿಯದಂತೆ ಕಾಯುತ್ತದೆ; ಇವಿಒಎಚ್ ಎಂಬ ಇನ್ನೊಂದು ತೆಳುಪದರ ಆಮ್ಲಜನಕವನ್ನು ತಡೆಯುತ್ತದೆ; ಹೊರಗಿನ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಪದರ ಮುದ್ರಣಕ್ಕೂ ಬಿಗುವಿಗೂ ಒದಗುತ್ತದೆ. ಒಂದೊಂದು ಪದರಕ್ಕೂ ಒಂದೊಂದು ಕೆಲಸವಿದೆ, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಪ್ಯಾಕೆಟ್ ಖಾಲಿಯಾದ ಮೇಲೆ ಮಾತ್ರ ಇವೆಲ್ಲ ಒಟ್ಟಿಗೆ ಸೇರಿಕೊಂಡಿರುವುದೇ ತೊಡಕಾಗುತ್ತದೆ, ಏಕೆಂದರೆ ಯಾವ ಯಂತ್ರವೂ ಈ ಪದರಗಳನ್ನು ಸುಲಭವಾಗಿ ಬಿಡಿಸಲಾರದು, ಬಿಡಿಸದೆ ಕರಗಿಸಿದರೆ ಸಿಗುವ ವಸ್ತು ಹೆಚ್ಚಿನ ಕೆಲಸಗಳಿಗೆ ಬಾರದಷ್ಟು ಪೆಡಸಾಗಿರುತ್ತದೆ.

ಹೀಗೆ ಬೇರ್ಪಡಿಸಲಾಗದ ಮಿಶ್ರ ಪ್ಲಾಸ್ಟಿಕ್ಕನ್ನು ಬೇರ್ಪಡಿಸದೆಯೇ ಉಪಯೋಗಕ್ಕೆ ತರುವ ದಾರಿಯಾಗಿ ಈಚಿನ ವರ್ಷಗಳಲ್ಲಿ ಸಸ್ಯಮೂಲದ ಸೇರ್ಪಡೆಗಳ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಸೋಯಾ, ಅಗಸೆ, ಹರಳು ಇವುಗಳ ಎಣ್ಣೆ, ಗೇರು ಸಿಪ್ಪೆಯ ರಸ, ಮರದ ಲಿಗ್ನಿನ್, ಸಕ್ಕರೆಯನ್ನು ಹುದುಗಿಸಿ ಪಡೆದ ಆಮ್ಲಗಳು ಇತ್ಯಾದಿಗಳನ್ನು ನೂರಕ್ಕೆ ಒಂದು, ಎರಡು, ಐದು ಪಾಲಿನಷ್ಟು ಬೆರೆಸಿದರೆ, ಒಂದಕ್ಕೊಂದು ಹೊಂದದ ಪ್ಲಾಸ್ಟಿಕ್‌ಗಳೂ ಹೊಂದಿಕೊಂಡು ಗಟ್ಟಿಯಾದ ವಸ್ತುವಾಗುತ್ತವೆ ಎಂಬುದು ಈ ವಿಧಾನದ ಸಾರ. ಇದರಲ್ಲಿ ನಿಜವಿದೆ. ಆ ನಿಜ ಯಾವ ಪ್ಲಾಸ್ಟಿಕ್ಕಿಗೆ, ಯಾವ ಸ್ಥಿತಿಯಲ್ಲಿ, ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಬಿಡಿಸಿ ಹೇಳದೆ ಹೋದರೆ ಮಾತ್ರ ಒಳ್ಳೆಯದೊಂದು ಸಾಧನ ಸುಳ್ಳು ಭರವಸೆಯಾಗಿ ಬದಲಾಗುವ ಅಪಾಯವಿದೆ.

ಮೊದಲು ಸಮಸ್ಯೆಯ ಗಾತ್ರವನ್ನು ನೋಡೋಣ. 2017ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಪ್ರಕಟವಾದ, ರೋಲಂಡ್ ಗೇಯರ್ ಮತ್ತು ಸಂಗಡಿಗರ ಲೆಕ್ಕಾಚಾರದಂತೆ 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾದದ್ದು ಸುಮಾರು 630 ಕೋಟಿ ಟನ್. ಆ ಕಸದಲ್ಲಿ ಮರುಬಳಕೆಯಾದದ್ದು ಶೇ. 9, ಸುಟ್ಟದ್ದು ಶೇ. 12, ಉಳಿದ ಶೇ. 79 ಭಾಗ ಗುಂಡಿಗಳಲ್ಲಿ ಇಲ್ಲವೇ ಬಯಲಲ್ಲಿ ಉಳಿದಿದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 2022ರಲ್ಲಿ ಕೊಟ್ಟ ಅಂದಾಜಿನಲ್ಲಿ, 2019ರ ಒಂದೇ ವರ್ಷದ ಪ್ಲಾಸ್ಟಿಕ್ ಕಸ 35.3 ಕೋಟಿ ಟನ್. ಮರುಬಳಕೆಯ ಪಾಲು ಅಲ್ಲಿಯೂ ಶೇ. 9ರ ಆಸುಪಾಸಿನಲ್ಲೇ ಇದೆ. ಈ ಅಂಕಿ ಮೇಲೇಳದಿರುವುದಕ್ಕೆ ಸಂಗ್ರಹಣೆಯ ಕೊರತೆ, ಹೊಸ ಪ್ಲಾಸ್ಟಿಕ್ಕಿನ ಅಗ್ಗದ ಬೆಲೆ ಮುಂತಾದ ಹಲವು ಕಾರಣಗಳಿವೆ. ಆದರೆ ಎಲ್ಲ ವ್ಯವಸ್ಥೆಯೂ ಸರಿಯಿದ್ದರೂ ಉಳಿದುಬಿಡುವ ಒಂದು ಕಾರಣ ಪದಾರ್ಥದ ಒಳಗೇ ಇದೆ, ಅದೇ ಈ ಲೇಖನದ ವಿಷಯ.

ಪ್ಲಾಸ್ಟಿಕ್ ಎಂಬ ಒಂದೇ ಹೆಸರಿನಡಿ ನಾವು ಕೂಡಿಸಿಟ್ಟಿರುವುದು ಪರಸ್ಪರ ಸೇರದ ಹತ್ತಾರು ವಸ್ತುಗಳನ್ನು. ನೀರು ಮತ್ತು ಮದ್ಯಸಾರ ಬೆರೆತಂತೆ ಎರಡು ಪ್ಲಾಸ್ಟಿಕ್‌ಗಳು ಏಕೆ ಬೆರೆಯುವುದಿಲ್ಲ ಎಂಬುದಕ್ಕೆ 1940ರ ದಶಕದ ಆರಂಭದಲ್ಲಿಯೇ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗ್ಗಿನ್ಸ್ ಪ್ರತ್ಯೇಕವಾಗಿ ಉತ್ತರ ಕೊಟ್ಟಿದ್ದರು; ಫ್ಲೋರಿಯವರಿಗೆ 1974ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಸಣ್ಣ ಅಣುಗಳು ಬೆರೆಯುವುದಕ್ಕೆ ಮುಖ್ಯ ಪ್ರೇರಣೆ, ಬೆರೆತಾಗ ಅವುಗಳಿಗೆ ದೊರಕುವ ಜೋಡಣೆಯ ಅಸಂಖ್ಯ ಸಾಧ್ಯತೆಗಳು. ಸಾವಿರಾರು ಕೊಂಡಿಗಳ ಸರಪಳಿಯಾಗಿರುವ ಪ್ಲಾಸ್ಟಿಕ್ ಅಣುವಿಗೆ ಆ ಸ್ವಾತಂತ್ರ್ಯ ಇಲ್ಲ. ಒಂದು ಕೊಂಡಿ ಎಲ್ಲಿದೆಯೋ ಅದರ ಪಕ್ಕದಲ್ಲೇ ಮುಂದಿನ ಕೊಂಡಿಯೂ ಇರಬೇಕಾಗುತ್ತದೆ. ಎರಡು ಬಗೆಯ ಅಣುಗಳ ನಡುವಿನ ವೈಮನಸ್ಯವನ್ನು ಒಂದು ಸಂಖ್ಯೆಯಿಂದ ಅಳೆದರೆ, ಸಮಪಾಲಿನಲ್ಲಿ ಸೇರಿದ ಸಣ್ಣ ಅಣುಗಳು ಆ ಸಂಖ್ಯೆ 2 ತಲುಪುವವರೆಗೂ ಒಂದಾಗಿರಬಲ್ಲವು; ತಲಾ ಸಾವಿರ ಕೊಂಡಿಗಳ ಸರಪಳಿಗಳಾದರೆ ಅದೇ ಮಿತಿ 0.002ಕ್ಕೆ ಇಳಿದುಬಿಡುತ್ತದೆ. ಅಂದರೆ ಎಷ್ಟು ಸಣ್ಣ ಭಿನ್ನತೆಯಾದರೂ ಸಾಕು, ಅವು ದೂರ ಸರಿಯುತ್ತವೆ. ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ಎರಡರಲ್ಲಿಯೂ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ, ಅದೂ ಒಂದೇ ಪ್ರಮಾಣದಲ್ಲಿ. ಹಾಗಿದ್ದೂ ಇವೆರಡು ಕರಗಿದ ಸ್ಥಿತಿಯಲ್ಲಿಯೂ ಬೆರೆಯುವುದಿಲ್ಲ.

ಬೆರೆಯದ ಎರಡು ಪ್ಲಾಸ್ಟಿಕ್‌ಗಳನ್ನು, ಕರಗಿಸಿ ಒತ್ತಿ ಹೊರತಳ್ಳುವ ಎಕ್ಸ್‌ಟ್ರೂಡರ್ ಯಂತ್ರದ ತಿರುಪುಗಳ ನಡುವೆ ಹಾಕಿ ಅರೆದರೆ ಒಂದು ಇನ್ನೊಂದರಲ್ಲಿ ಹನಿಹನಿಯಾಗಿ ಹರಡುತ್ತದೆ. ಯಂತ್ರದಿಂದ ಹೊರಬೀಳುವಷ್ಟರಲ್ಲಿ ಆ ಹನಿಗಳು ಮತ್ತೆ ಕೂಡಿಕೊಂಡು ದೊಡ್ಡವಾಗಲು ಹವಣಿಸುತ್ತವೆ. ತಣಿದಾಗ ಹನಿಗೂ ಸುತ್ತಲಿನ ವಸ್ತುವಿಗೂ ನಡುವಿನ ಗಡಿ, ಅಂಟು ಹಾಕದೆ ಒತ್ತಿಟ್ಟ ಎರಡು ಗಾಜಿನ ಹಾಳೆಗಳಂತೆ ಇರುತ್ತದೆ. ಎಳೆದರೆ ಬಿರುಕು ಹುಟ್ಟುವುದು ಅಲ್ಲಿಯೇ. ಸರಪಳಿಗಳು ಗಡಿಯನ್ನು ದಾಟಿ ಆಚೆಗಿನ ಸರಪಳಿಗಳೊಂದಿಗೆ ತೊಡರಿಕೊಂಡಿಲ್ಲದಿರುವುದೇ ಇದಕ್ಕೆ ಕಾರಣ. ಮಿಶ್ರ ಪ್ಲಾಸ್ಟಿಕ್ಕಿನಿಂದ ಮಾಡಿದ ಹಲಗೆಗಳು ದಪ್ಪವಾಗಿರಬೇಕಾಗುವುದೂ ಇದೇ ದೌರ್ಬಲ್ಯವನ್ನು ಗಾತ್ರದಿಂದ ತುಂಬಿಕೊಳ್ಳುವುದಕ್ಕಾಗಿ.

ಕನ್ನಡದಲ್ಲಿ ಹೊಂದದ ಇಬ್ಬರ ನಡುವಿನ ನಂಟನ್ನು ಎಣ್ಣೆ-ಸೀಗೆಕಾಯಿ ಸಂಬಂಧ ಎನ್ನುವುದುಂಟು. ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಸೀಗೆಕಾಯಿ ಎಣ್ಣೆಯ ವೈರಿಯಲ್ಲ. ಅದರಲ್ಲಿರುವ ಸಪೋನಿನ್ ಎಂಬ ಅಣುವಿನ ಒಂದು ಭಾಗ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ಭಾಗ ನೀರನ್ನು ಹಿಡಿಯುತ್ತದೆ. ಎರಡೂ ಕೈ ಇರುವುದರಿಂದಲೇ ಅದು ಎಣ್ಣೆಯನ್ನು ನೀರಿನೊಡನೆ ಹೊರಡಿಸಬಲ್ಲದು. ಪ್ಲಾಸ್ಟಿಕ್ ಉದ್ಯಮದಲ್ಲಿ ಕಂಪ್ಯಾಟಿಬಿಲೈಸರ್ ಎಂದು ಕರೆಯುವ ಸೇರ್ಪಡೆಯಿಂದ ನಿರೀಕ್ಷಿಸುವುದೂ ಈ ಎರಡು ಕೈಗಳನ್ನೇ. ಒಂದು ಕೈ ಒಂದು ಪ್ಲಾಸ್ಟಿಕ್ಕಿನ ಒಳಗೆ ಬೇರೂರಬೇಕು, ಇನ್ನೊಂದು ಇನ್ನೊಂದರ ಒಳಗೆ. ಹಿಡಿತ ಬಲವಾಗಿದ್ದರೆ ಹನಿಗಳು ಚಿಕ್ಕವಾಗಿ ಉಳಿಯುತ್ತವೆ, ಗಡಿ ಗಟ್ಟಿಯಾಗುತ್ತದೆ.

ಇಂಥ ವಸ್ತುಗಳು ಪೆಟ್ರೋಲಿಯಂ ಮೂಲದಲ್ಲಿ ಈಗಾಗಲೇ ಬಳಕೆಯಲ್ಲಿವೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಸರಪಳಿಗೆ ಮಲೇಯಿಕ್ ಅನ್‌ಹೈಡ್ರೈಡ್ ಎಂಬ ಚುರುಕಾದ ಗುಂಪನ್ನು ಅಲ್ಲಲ್ಲಿ ಕಸಿ ಮಾಡಿದ ಸೇರ್ಪಡೆ ಅವುಗಳಲ್ಲಿ ಹೆಚ್ಚು ಪರಿಚಿತವಾದದ್ದು. ಸರಪಳಿ ತನ್ನ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ತೊಡರಿಕೊಂಡರೆ ಕಸಿ ಮಾಡಿದ ಗುಂಪು ನೈಲಾನ್‌ನಂಥ ವಸ್ತುವಿನ ಸರಪಳಿ ತುದಿಗೆ ರಾಸಾಯನಿಕವಾಗಿ ಕಚ್ಚಿಕೊಳ್ಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಫ್ರಿ ಕೋಟ್ಸ್ ಮತ್ತು ಮಿನೆಸೋಟ ವಿಶ್ವವಿದ್ಯಾಲಯದ ಫ್ರಾಂಕ್ ಬೇಟ್ಸ್ ಅವರ ತಂಡಗಳು 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇನ್ನೂ ಮುಂದಿನ ಹೆಜ್ಜೆಯನ್ನು ವರದಿ ಮಾಡಿದವು. ಪಾಲಿಎಥಿಲೀನ್ ತುಂಡು, ಪಾಲಿಪ್ರೊಪಿಲೀನ್ ತುಂಡು, ಮತ್ತೆ ಪಾಲಿಎಥಿಲೀನ್, ಮತ್ತೆ ಪಾಲಿಪ್ರೊಪಿಲೀನ್ ಎಂದು ನಾಲ್ಕು ತುಂಡುಗಳನ್ನು ಒಂದೇ ಸರಪಳಿಯಾಗಿ ಕಟ್ಟಿ, ಅದನ್ನು ನೂರಕ್ಕೆ ಒಂದು ಪಾಲಿನಷ್ಟು ಬೆರೆಸಿದರೂ ಪೆಡಸಾದ ಮಿಶ್ರಣ ಗಟ್ಟಿಮುಟ್ಟಾಗುವುದನ್ನು ಅವರು ತೋರಿಸಿದರು. ಸಸ್ಯಮೂಲದ ಯಾವುದೇ ಸೇರ್ಪಡೆಯನ್ನು ಅಳೆಯಬೇಕಾದ ಮಾನದಂಡ ಇದು.

ಈ ಮಾನದಂಡದ ಪಕ್ಕದಲ್ಲಿ ಸಸ್ಯದ ಎಣ್ಣೆಯನ್ನು ಇಡೋಣ. ಎಣ್ಣೆಯ ಒಂದು ಅಣುವಿನಲ್ಲಿ ಗ್ಲಿಸರಾಲ್‌ಗೆ ಅಂಟಿದ ಮೂರು ಕೊಬ್ಬಿನಾಮ್ಲದ ಬಾಲಗಳಿರುತ್ತವೆ. ಹೆಚ್ಚಿನವು 18 ಇಂಗಾಲದ ಉದ್ದದವು. ಈ ಬಾಲಗಳಲ್ಲಿ ಅಲ್ಲಲ್ಲಿ ಇರುವ ಜೋಡಿಬಂಧಗಳೇ ರಾಸಾಯನಿಕ ಬದಲಾವಣೆಗೆ ಬಾಗಿಲು. ಸೋಯಾ ಎಣ್ಣೆಯ ಅಣುವೊಂದರಲ್ಲಿ ಸರಾಸರಿ ನಾಲ್ಕಕ್ಕಿಂತ ಹೆಚ್ಚು, ಅಗಸೆ ಎಣ್ಣೆಯಲ್ಲಿ ಆರಕ್ಕಿಂತ ಹೆಚ್ಚು ಜೋಡಿಬಂಧಗಳಿವೆ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಒಂದು ಸಾವಯವ ಆಮ್ಲದ ನೆರವಿನಿಂದ ಈ ಜೋಡಿಬಂಧಗಳ ಜಾಗದಲ್ಲಿ ಎಪಾಕ್ಸೈಡ್ ಎಂಬ ಮೂರು ಮೂಲೆಯ ಉಂಗುರಗಳನ್ನು ಕೂರಿಸಬಹುದು. ಒತ್ತಿ ಬಗ್ಗಿಸಿಟ್ಟ ಸ್ಪ್ರಿಂಗಿನಂತೆ ಈ ಉಂಗುರ ಬಿಚ್ಚಿಕೊಳ್ಳಲು ಕಾದಿರುತ್ತದೆ, ಆಮ್ಲದ ಅಥವಾ ಅಮೈನಿನ (ಸಾರಜನಕವುಳ್ಳ) ಗುಂಪೊಂದು ಸಿಕ್ಕಿದರೆ ಅದಕ್ಕೆ ಜೋಡಿಕೊಳ್ಳುತ್ತದೆ. ಹೀಗೆ ಎಪಾಕ್ಸೀಕರಿಸಿದ ಸೋಯಾ ಎಣ್ಣೆ ಹೊಸ ಶೋಧವೇನೂ ಅಲ್ಲ; ಪಿವಿಸಿಯನ್ನು ಮೆದುಗೊಳಿಸಲು, ಬಿಸಿಯಲ್ಲಿ ಅದು ಕೆಡದಂತೆ ಕಾಯಲು ದಶಕಗಳಿಂದ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ. ಆದ್ದರಿಂದ ಅದರ ತಯಾರಿಕೆ, ಸಂಗ್ರಹ, ಯಂತ್ರದೊಳಗಿನ ನಡವಳಿಕೆ ಎಲ್ಲವೂ ಗೊತ್ತಿರುವಂಥವು. ಸಸ್ಯಮೂಲದ ಸೇರ್ಪಡೆಗಳಲ್ಲಿ ಪ್ರಯೋಗಾಲಯದಿಂದ ಕಾರ್ಖಾನೆಗೆ ದಾಟುವ ದಾರಿ ಅತ್ಯಂತ ಹತ್ತಿರವಿರುವುದು ಇದಕ್ಕೆ ಎಂದು ನನ್ನ ಅಭಿಪ್ರಾಯ.

ಎಪಾಕ್ಸೀಕರಿಸಿದ ಎಣ್ಣೆಗಳು ಚೆನ್ನಾಗಿ ಕೆಲಸ ಮಾಡುವುದು ಪೆಟ್, ಪಿಎಲ್ಎ (ಸಸ್ಯದ ಸಕ್ಕರೆಯಿಂದ ಮಾಡುವ ಪ್ಲಾಸ್ಟಿಕ್), ನೈಲಾನ್ ಇಂಥವುಗಳೊಂದಿಗೆ. ಇವುಗಳ ಸರಪಳಿಯ ತುದಿಗಳಲ್ಲಿ ಆಮ್ಲ, ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಅಥವಾ ಅಮೈನ್ ಗುಂಪುಗಳಿರುವುದರಿಂದ ಎಣ್ಣೆಯ ಉಂಗುರಗಳಿಗೆ ಹಿಡಿದುಕೊಳ್ಳಲು ಜಾಗ ಸಿಗುತ್ತದೆ. ಒಂದು ಎಣ್ಣೆ ಅಣುವಿನಲ್ಲಿ ನಾಲ್ಕಾರು ಉಂಗುರಗಳಿರುವುದರಿಂದ ಅದು ಒಂದು ಕಡೆ ಪೆಟ್ ಸರಪಳಿಯನ್ನೂ ಇನ್ನೊಂದು ಕಡೆ ನೈಲಾನ್ ಸರಪಳಿಯನ್ನೂ ಹಿಡಿಯಬಲ್ಲದು. ಇದರ ಜೊತೆಗೆ ಇನ್ನೊಂದು ಉಪಕಾರವೂ ಆಗುತ್ತದೆ. ಪೆಟ್ ಕರಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಬಿಸಿಯಲ್ಲಿ ಕಸದಲ್ಲಿ ಉಳಿದ ಒಂದಿಷ್ಟು ತೇವವೂ ಸರಪಳಿಗಳನ್ನು ಕಡಿದುಹಾಕುತ್ತದೆ. ಹಾಗೆ ತುಂಡಾದ ಸರಪಳಿಗಳ ತುದಿಗಳನ್ನು ಎಪಾಕ್ಸೈಡ್ ಉಂಗುರಗಳು ಮತ್ತೆ ಜೋಡಿಸುತ್ತವೆ. ಬೆಸೆಯುವ ಕೆಲಸ ಮತ್ತು ದುರಸ್ತಿಯ ಕೆಲಸ ಒಂದೇ ಸೇರ್ಪಡೆಯಿಂದ ಆಗುವುದು ಮರುಬಳಕೆಯಲ್ಲಿ ದೊಡ್ಡ ಅನುಕೂಲ, ಏಕೆಂದರೆ ಕಸದಿಂದ ಬರುವ ಪ್ಲಾಸ್ಟಿಕ್ ಸರಪಳಿಗಳು ಹಿಂದಿನ ಬಳಕೆಯಲ್ಲಿ ಬಿಸಿಲಿಗೂ ಬಿಸಿಗೂ ಸಿಕ್ಕಿ ಈಗಾಗಲೇ ಸವೆದಿರುತ್ತವೆ.

ಆದರೆ ಮಿಶ್ರ ಕಸದಲ್ಲಿ ಅತಿ ಹೆಚ್ಚು ಸಿಗುವುದು ಪೆಟ್ ಅಲ್ಲ. ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್. ಇವುಗಳ ಸರಪಳಿಯಲ್ಲಿ ಹಿಡಿದುಕೊಳ್ಳಲು ಯಾವ ಗುಂಪೂ ಇಲ್ಲ. ಎಪಾಕ್ಸೈಡ್ ಉಂಗುರ ಎಷ್ಟೇ ಚುರುಕಾಗಿದ್ದರೂ ಇಲ್ಲಿ ಅದು ಬರಿಗೈಯಲ್ಲಿ ನಿಲ್ಲುತ್ತದೆ. ಎಣ್ಣೆಯ ಬಾಲ ಪಾಲಿಎಥಿಲೀನ್‌ನಂತೆಯೇ ಇಂಗಾಲದ ಸರಪಳಿಯಾದ್ದರಿಂದ ಅದರೊಳಗೆ ತೊಡರಿಕೊಳ್ಳುತ್ತದೆ ಎಂಬ ವಾದವನ್ನು ಹಲವು ಬರಹಗಳಲ್ಲಿ ಕಾಣುತ್ತೇವೆ. ಈ ವಾದ ಲೆಕ್ಕಕ್ಕೆ ನಿಲ್ಲುವುದಿಲ್ಲ. ಕರಗಿದ ಪಾಲಿಎಥಿಲೀನ್‌ನಲ್ಲಿ ಎರಡು ಸರಪಳಿಗಳು ನಿಜವಾಗಿ ತೊಡರಿಕೊಳ್ಳಬೇಕಾದರೆ ಸರಪಳಿಯ ತುಂಡಿನ ಅಣುತೂಕ ಸರಿಸುಮಾರು ಸಾವಿರದಷ್ಟಾದರೂ ಇರಬೇಕು, ಪಾಲಿಪ್ರೊಪಿಲೀನ್‌ಗಾದರೆ ಅದಕ್ಕಿಂತ ಹಲವು ಪಟ್ಟು. 18 ಇಂಗಾಲದ ಬಾಲದ ತೂಕ ಇನ್ನೂರೈವತ್ತರ ಆಸುಪಾಸು. ಅಷ್ಟು ಗಿಡ್ಡನೆಯ ಬಾಲ ಮಣ್ಣಿನಲ್ಲಿ ಒಂದು ಬೆರಳು ಆಳಕ್ಕೆ ನೆಟ್ಟ ಗೂಟದಂತೆ, ಎಳೆದ ಕೂಡಲೇ ಕಿತ್ತು ಬರುತ್ತದೆ. ಅಂಥ ಮಿಶ್ರಣದಲ್ಲಿ ಎಣ್ಣೆ ಮಾಡುವ ಕೆಲಸ ಮೆದುಗೊಳಿಸುವುದು, ಜಾರುಗೊಳಿಸುವುದು. ಮೆದುವಾದ ವಸ್ತು ಹೆಚ್ಚು ಹಿಗ್ಗುವುದರಿಂದ ಪರೀಕ್ಷೆಯ ಅಂಕಿಗಳಲ್ಲಿ ಅದು ಸುಧಾರಣೆಯಂತೆ ಕಾಣುವುದೂ ಉಂಟು. ಹಿಗ್ಗುವಿಕೆ ಮಾತ್ರವಲ್ಲದೆ ಎಳೆತದ ಬಲ, ಬಡಿತ ತಾಳುವ ಶಕ್ತಿ, ಕೆಲವು ತಿಂಗಳ ನಂತರ ಎಣ್ಣೆ ಮೇಲ್ಮೈಗೆ ಒಸರಿತೇ ಎಂಬ ವಿವರ ಇವೆಲ್ಲವನ್ನೂ ಒಟ್ಟಿಗೆ ನೋಡಿದಾಗಲೇ ಬೆಸುಗೆ ಆಗಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ.

ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್‌ಗೆ ಸಸ್ಯಮೂಲದ ಅಣುವನ್ನು ಕಟ್ಟಲೇಬೇಕೆಂದರೆ ಸಾಮಾನ್ಯವಾಗಿ ಪೆರಾಕ್ಸೈಡ್‌ನ ನೆರವು ಬೇಕು. ಪೆರಾಕ್ಸೈಡ್ ಬಿಸಿಗೆ ಒಡೆದು ಸರಪಳಿಯಿಂದ ಜಲಜನಕವೊಂದನ್ನು ಕಿತ್ತುಕೊಂಡಾಗ ತೆರೆಯುವ ಜಾಗದಲ್ಲಿ ಎಣ್ಣೆಯ ಜೋಡಿಬಂಧವೋ ಇಟಕಾನಿಕ್ ಆಮ್ಲವೋ ಕೂರುತ್ತದೆ. ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ: ಅದೇ ಪೆರಾಕ್ಸೈಡ್ ಪಾಲಿಎಥಿಲೀನ್ ಸರಪಳಿಗಳನ್ನು ಒಂದಕ್ಕೊಂದು ಹೆಣೆದು ದಪ್ಪವಾಗಿಸುತ್ತದೆ, ಪಾಲಿಪ್ರೊಪಿಲೀನ್ ಸರಪಳಿಗಳನ್ನು ಕಡಿದು ತೆಳುವಾಗಿಸುತ್ತದೆ. ಎರಡೂ ಒಂದೇ ಯಂತ್ರದಲ್ಲಿ, ಒಂದೇ ಹೊತ್ತಿಗೆ ನಡೆಯುವಾಗ ಪ್ರಮಾಣವನ್ನು ಹದದಲ್ಲಿ ಇಡುವುದು ಸುಲಭವಲ್ಲ. ಇಟಕಾನಿಕ್ ಆಮ್ಲದ ಹೆಸರನ್ನು ಇಲ್ಲಿ ಬೇಕೆಂದೇ ತಂದಿದ್ದೇನೆ. ಸಕ್ಕರೆಯ ಮೇಲೆ ಆಸ್ಪರ್ಜಿಲಸ್ ಟೆರಿಯಸ್ ಎಂಬ ಶಿಲೀಂಧ್ರವನ್ನು ಬೆಳೆಸಿ ಇದನ್ನು ಉದ್ಯಮದ ಮಟ್ಟದಲ್ಲಿ ತಯಾರಿಸಲಾಗುತ್ತಿದೆ. ಇದರ ರಚನೆ ಮಲೇಯಿಕ್ ಅನ್‌ಹೈಡ್ರೈಡ್‌ನ ಬಂಧುವಿನಂತಿದೆ. ಉಸಿರಾಟದ ಅಲರ್ಜಿಗೆ ಕಾರಣವಾಗುವ ಮಲೇಯಿಕ್ ಅನ್‌ಹೈಡ್ರೈಡ್‌ನ ಬದಲಿಗೆ ಇದನ್ನು ಕಸಿ ಮಾಡಿದ ಪಾಲಿಪ್ರೊಪಿಲೀನ್ ಸರಪಳಿ, ಎಣ್ಣೆಗಿಂತ ಭಿನ್ನವಾಗಿ, ತೊಡರಿಕೊಳ್ಳುವಷ್ಟು ಉದ್ದವೂ ಆಗಿರುತ್ತದೆ, ಕಚ್ಚಿಕೊಳ್ಳುವ ಕೈಯೂ ಅದಕ್ಕಿರುತ್ತದೆ. ಎಣ್ಣೆಗೆ ಸಿಕ್ಕಷ್ಟು ಪ್ರಚಾರ ಈ ಆಮ್ಲಕ್ಕೆ ಸಿಕ್ಕಿಲ್ಲ. ಪಾಲಿಪ್ರೊಪಿಲೀನ್ ಮತ್ತು ನೈಲಾನ್ ಬೆರೆತ ಕಸಕ್ಕೆ ಇದು ಎಣ್ಣೆಗಿಂತ ಯೋಗ್ಯವಾದ ದಾರಿ.

ಲಿಗ್ನಿನ್‌ನ ವಿಷಯ ಬೇರೆ. ಮರಕ್ಕೆ ಬಿಗುವು ಕೊಡುವ ಈ ವಸ್ತುವನ್ನು ಕಾಗದದ ಕಾರ್ಖಾನೆಗಳು ತಿರುಳಿನಿಂದ ಬೇರ್ಪಡಿಸಿ, ಕಪ್ಪು ದ್ರಾವಣದ ರೂಪದಲ್ಲಿ ಬಹುಪಾಲನ್ನು ತಮ್ಮ ಬಾಯ್ಲರಿನಲ್ಲೇ ಉರಿಸುತ್ತವೆ. ಅದರ ಅಣುವಿನಲ್ಲಿ ಎಣ್ಣೆಯ ಗುಣವುಳ್ಳ ಉಂಗುರಗಳೂ ನೀರಿಗೆ ಒಲಿಯುವ ಹೈಡ್ರಾಕ್ಸಿಲ್ ಗುಂಪುಗಳೂ ಒಟ್ಟಿಗೆ ಇರುವುದರಿಂದ ಗಡಿಯಲ್ಲಿ ನಿಲ್ಲುವ ಸ್ವಭಾವ ಅದಕ್ಕೆ ಸಹಜವಾಗಿ ಬಂದಿದೆ. ಫಿನಾಲ್ ಗುಂಪುಗಳಿಂದಾಗಿ ಅದು ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿಕೊಳ್ಳುತ್ತದೆ, ಆಕ್ಸಿಡೀಕರಣವನ್ನು ನಿಧಾನಗೊಳಿಸುತ್ತದೆ. ತೊಂದರೆಗಳೂ ಅಷ್ಟೇ ಸಹಜವಾದವು: ಎಷ್ಟೇ ಕಡಿಮೆ ಬೆರೆಸಿದರೂ ಬಣ್ಣ ಕಂದಾಗುತ್ತದೆ, 200 ಡಿಗ್ರಿ ದಾಟಿದ ಮೇಲೆ ವಾಸನೆ ಏಳುತ್ತದೆ, ಗಂಧಕ ಬಳಸಿ ಬೇರ್ಪಡಿಸಿದ ಲಿಗ್ನಿನ್ ಆದರೆ ಆ ವಾಸನೆ ಇನ್ನಷ್ಟು ಗಾಢ. ಒಂದು ಕಾರ್ಖಾನೆಯ ಲಿಗ್ನಿನ್ ಇನ್ನೊಂದರಂತೆ ಇರುವುದಿಲ್ಲ. ಮರದ ಜಾತಿ, ಬೇಯಿಸಿದ ಕ್ರಮ ಬದಲಾದಂತೆ ಅದರ ಗುಣವೂ ಬದಲಾಗುತ್ತದೆ. ಮಣ್ಣಿನಡಿಯ ಕೊಳವೆ, ಸಾಗಣೆಯ ಹಲಗೆ, ಬೇಲಿಯ ಕಂಬ ಹೀಗೆ ಬಣ್ಣ ಮುಖ್ಯವಲ್ಲದ ಕಡೆ ಮಾತ್ರ ಅದಕ್ಕೆ ಜಾಗವಿದೆ.

ಗೇರು ಸಿಪ್ಪೆಯ ರಸದಿಂದ ಪಡೆಯುವ ಕಾರ್ಡನಾಲ್‌ನಲ್ಲಿ ಫಿನಾಲ್ ಉಂಗುರಕ್ಕೆ 15 ಇಂಗಾಲದ ಬಾಲ ಅಂಟಿಕೊಂಡಿದೆ. ಅದು ಮೆದುಗೊಳಿಸುವ ಮತ್ತು ಕೆಡದಂತೆ ಕಾಯುವ ಎರಡೂ ಕೆಲಸಕ್ಕೆ ಒದಗುತ್ತದೆ. ಆದರೆ ಶುದ್ಧೀಕರಿಸದ ಸಿಪ್ಪೆರಸ ಚರ್ಮವನ್ನು ಸುಡುವಂಥದ್ದು, ಆದ್ದರಿಂದ ಸಸ್ಯಜನ್ಯ ಎಂದ ಮಾತ್ರಕ್ಕೆ ಅದನ್ನು ಬರಿಗೈಯಲ್ಲಿ ನಿರ್ವಹಿಸಬಹುದೆಂಬ ಭ್ರಮೆ ಸಲ್ಲದು. ಹರಳೆಣ್ಣೆಯ ಕೊಬ್ಬಿನಾಮ್ಲದಲ್ಲಿ ಶೇ. 85ರಿಂದ 90ರಷ್ಟು ರಿಸಿನೋಲಿಯಿಕ್ ಆಮ್ಲವೇ ಇದ್ದು, ಅದರಲ್ಲಿ ಹೈಡ್ರಾಕ್ಸಿಲ್ ಗುಂಪು ಹುಟ್ಟಿನಿಂದಲೇ ಇರುವುದರಿಂದ ಬೇರೆ ಎಣ್ಣೆಗಳಿಗೆ ಬೇಕಾದ ಒಂದು ಹಂತದ ಸಂಸ್ಕರಣೆ ಅದಕ್ಕೆ ತಪ್ಪುತ್ತದೆ. ಟೊಕೊಫೆರಾಲ್, ಅಂದರೆ ಇ ಜೀವಸತ್ವ, ಕೃತಕ ಕೀಲುಗಳಿಗೆ ಬಳಸುವ ಪಾಲಿಎಥಿಲೀನ್‌ನಲ್ಲಿ ಆಕ್ಸಿಡೀಕರಣವನ್ನು ತಡೆಯಲು ಈಗಾಗಲೇ ಬಳಕೆಯಾಗುತ್ತಿದೆ. ಮರುಬಳಕೆಯ ಪ್ಲಾಸ್ಟಿಕ್ಕಿಗೂ ಇಂಥ ಕಾವಲು ಬೇಕು. ಹಳೆಯ ಕಾವಲು ವಸ್ತು ಮೊದಲ ಬಳಕೆಯಲ್ಲೇ ಖರ್ಚಾಗಿ ಹೋಗಿರುತ್ತದೆ.

ಇಷ್ಟು ವಿವರದ ನಂತರ ಸಸ್ಯಮೂಲ ಎಂಬ ಪದದ ತೂಕವನ್ನು ನೋಡಬೇಕು. ನೂರು ಕಿಲೊ ಮಿಶ್ರಣದಲ್ಲಿ ಎರಡು ಕಿಲೊ ಸೇರ್ಪಡೆ ಇದೆ ಎಂದಿಟ್ಟುಕೊಳ್ಳೋಣ. ಆ ಎರಡು ಕಿಲೊ ಸಸ್ಯದಿಂದ ಬಂತೋ ಪೆಟ್ರೋಲಿಯಂನಿಂದ ಬಂತೋ ಎಂಬುದಕ್ಕಿಂತ, ಉಳಿದ ತೊಂಬತ್ತೆಂಟು ಕಿಲೊ ಕಸ ಬಾಳಿಕೆಯ ವಸ್ತುವಾಗಿ ಹೊಸ ಪ್ಲಾಸ್ಟಿಕ್ಕಿನ ಜಾಗವನ್ನು ತುಂಬಿತೋ ಇಲ್ಲವೋ ಎಂಬುದು ಪರಿಸರದ ಲೆಕ್ಕದಲ್ಲಿ ಬಹಳ ದೊಡ್ಡ ವಿಷಯ. ಪೆಟ್ರೋಲಿಯಂ ಮೂಲದ ಒಂದು ಪಾಲು ಸೇರ್ಪಡೆ ಮಾಡುವ ಕೆಲಸಕ್ಕೆ ಸಸ್ಯಮೂಲದ್ದು ಹತ್ತು ಪಾಲು ಬೇಕಾದರೆ, ಅಥವಾ ಬೆಸುಗೆ ಸಾಲದೆ ವಸ್ತುವನ್ನು ಇನ್ನಷ್ಟು ದಪ್ಪವಾಗಿ ಮಾಡಬೇಕಾದರೆ, ಸಸ್ಯದ ಹೆಸರಿನಿಂದ ಆದ ಉಳಿತಾಯ ಅಲ್ಲಿಗೇ ಕರಗುತ್ತದೆ. ಹಾಗಾದರೆ ಸಸ್ಯಮೂಲವೇ ಏಕೆ ಎಂದು ಕೇಳಬಹುದು. ಕೆಲವು ಕಡೆ ಕಾರ್ಮಿಕರ ಆರೋಗ್ಯಕ್ಕೆ ಕಡಿಮೆ ಅಪಾಯ, ಕೆಲವು ಕಡೆ ಬೇರೆ ಉದ್ಯಮ ಎಸೆಯುವ ಅಥವಾ ಸುಡುವ ಉಪವಸ್ತುವಿನ ಸದುಪಯೋಗ, ಕೆಲವು ಕಡೆ ಅಣುವಿನ ರಚನೆಯೇ ಅನುಕೂಲವಾಗಿರುವುದು ಇವು ಸರಿಯಾದ ಉತ್ತರಗಳು. ಲಿಗ್ನಿನ್, ಗೇರು ಸಿಪ್ಪೆ, ಹರಳು ಈ ದೃಷ್ಟಿಯಿಂದ ಆಹಾರದ ಎಣ್ಣೆಗಿಂತ ಮೇಲು. ತಿನ್ನುವ ಎಣ್ಣೆಯನ್ನು ಕೋಟಿಗಟ್ಟಲೆ ಟನ್ ಕಸಕ್ಕೆ ಬೆರೆಸುವ ಯೋಜನೆಯನ್ನು ಯಾರಾದರೂ ಮುಂದಿಟ್ಟರೆ, ಆ ಎಣ್ಣೆಗೆ ಬೇಕಾಗುವ ಭೂಮಿಯ ಲೆಕ್ಕವನ್ನೂ ಅದೇ ಪುಟದಲ್ಲಿ ಇಡಬೇಕು.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಿಡಿಸುವುದು ಒಳ್ಳೆಯದು. ಸಸ್ಯದ ಸೇರ್ಪಡೆ ಇದೆ ಎಂದರೆ ಪ್ಲಾಸ್ಟಿಕ್ ಮಣ್ಣಿನಲ್ಲಿ ಕೊಳೆಯುತ್ತದೆ ಎಂದು ತಿಳಿಯುವವರು ಬಹಳ. ಬೆಸೆಯುವ ಸೇರ್ಪಡೆಯ ಉದ್ದೇಶ ಅದಕ್ಕೆ ನೇರ ವಿರುದ್ಧವಾದದ್ದು; ವಸ್ತು ಹೆಚ್ಚು ಕಾಲ ಬಾಳಬೇಕೆಂದೇ ಅದನ್ನು ಹಾಕುವುದು. ಪ್ಲಾಸ್ಟಿಕ್ಕನ್ನು ಬೇಗ ಚೂರಾಗಿಸುವ ಆಕ್ಸೊ-ವಿಘಟನೀಯ ಸೇರ್ಪಡೆಗಳು ಬೇರೆಯೇ ಗುಂಪಿನವು, ಅವು ಮಾಡುವುದು ದೊಡ್ಡ ಕಸವನ್ನು ಸೂಕ್ಷ್ಮ ಕಸವನ್ನಾಗಿಸುವ ಕೆಲಸ. ಯುರೋಪಿಯನ್ ಒಕ್ಕೂಟ 2019ರ ನಿರ್ದೇಶನದ ಮೂಲಕ ಅಂಥ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು, 2021ರ ಜುಲೈನಿಂದ ಆ ನಿಷೇಧ ಜಾರಿಯಲ್ಲಿದೆ. ಅವು ಮರುಬಳಕೆಯ ರಾಶಿಯೊಳಗೆ ಸೇರಿಕೊಂಡರೆ ಬೆಸೆದ ವಸ್ತುವಿನ ಆಯುಷ್ಯವನ್ನೂ ಕಡಿಮೆ ಮಾಡುತ್ತವೆ.

ಪ್ರಯೋಗಾಲಯದ ಫಲಿತಾಂಶ ಕಾರ್ಖಾನೆಯಲ್ಲಿ ಹಾಗೆಯೇ ದೊರಕದಿರುವುದಕ್ಕೆ ಮುಖ್ಯ ಕಾರಣ ಕಸದ ಸ್ವಭಾವ. ಸಂಶೋಧಕರು ಸಾಮಾನ್ಯವಾಗಿ ಎರಡು ಶುದ್ಧ ಪ್ಲಾಸ್ಟಿಕ್‌ಗಳನ್ನು ಎಪ್ಪತ್ತಕ್ಕೆ ಮೂವತ್ತು ಎಂಬಂಥ ಗೊತ್ತಾದ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾರೆ. ಕಾರ್ಖಾನೆಯ ಬಾಗಿಲಿಗೆ ಬರುವ ರಾಶಿಯಲ್ಲಿ ಬೆಳಗಿನ ಮಿಶ್ರಣ ಸಂಜೆಗೆ ಇರುವುದಿಲ್ಲ. ಜೊತೆಗೆ ಮಣ್ಣು, ಶಾಯಿ, ಅಂಟು, ಕಾಗದದ ಚೂರು, ಅಲ್ಯೂಮಿನಿಯಂ ಇರುತ್ತವೆ. ಇವುಗಳಲ್ಲಿ ಹಲವು ಸೇರ್ಪಡೆಯ ಚುರುಕಾದ ಗುಂಪುಗಳನ್ನು ತಾವೇ ತಿಂದುಹಾಕುತ್ತವೆ. ಕಾಗದದ ಸೆಲ್ಯುಲೋಸ್‌ನಲ್ಲಿ ಹೈಡ್ರಾಕ್ಸಿಲ್ ಗುಂಪುಗಳು ಧಾರಾಳವಾಗಿರುವುದರಿಂದ ಗಡಿಯಲ್ಲಿ ಕೆಲಸ ಮಾಡಬೇಕಾದ ಅಣುಗಳಲ್ಲಿ ಕೆಲವು ಅಲ್ಲಿಯೇ ಖರ್ಚಾಗಬಹುದು. ಲಿಗ್ನಿನ್‌ನಂಥ ಸೇರ್ಪಡೆ ತಾನೇ ತೇವವನ್ನು ಹೊತ್ತು ತರುವುದರಿಂದ ಪೆಟ್‌ನೊಂದಿಗೆ ಹಾಕುವ ಮೊದಲು ಒಣಗಿಸಬೇಕು, ಆ ಒಣಗಿಸುವಿಕೆಗೆ ಇಂಧನ ಬೇಕು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಉಷ್ಣಾಂಶದ್ದು. ಪಾಲಿಎಥಿಲೀನ್ ಕರಗುವುದು 110ರಿಂದ 135 ಡಿಗ್ರಿಯೊಳಗೆ, ಪಾಲಿಪ್ರೊಪಿಲೀನ್ 160ರ ಸುಮಾರಿಗೆ, ನೈಲಾನ್-6 220ರ ಸುಮಾರಿಗೆ, ಪೆಟ್ 250ರ ಸುಮಾರಿಗೆ. ರಾಶಿಯಲ್ಲಿ ಪಿವಿಸಿಯ ಒಂದಿಷ್ಟು ಚೂರುಗಳಿದ್ದರೆ, ಪೆಟ್ ಕರಗುವ ಮೊದಲೇ ಅದು ಒಡೆದು ಹೈಡ್ರೋಜನ್ ಕ್ಲೋರೈಡನ್ನು ಹೊರಬಿಡುತ್ತದೆ. ಆ ಆಮ್ಲ ಯಂತ್ರದ ಲೋಹವನ್ನು ಕೊರೆಯುತ್ತದೆ, ಪೆಟ್ ಸರಪಳಿಗಳನ್ನು ಕಡಿಯುತ್ತದೆ. ಪೆಟ್ ಮತ್ತು ಪಿವಿಸಿಯ ಸಾಂದ್ರತೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ನೀರಿನ ತೊಟ್ಟಿಯಲ್ಲಿ ತೇಲಿಸಿ ಮುಳುಗಿಸಿ ಬೇರ್ಪಡಿಸುವ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ. ಎಪಾಕ್ಸೀಕರಿಸಿದ ಎಣ್ಣೆ ಈ ಆಮ್ಲವನ್ನು ಸ್ವಲ್ಪ ಮಟ್ಟಿಗೆ ಹೀರಿಕೊಳ್ಳುತ್ತದೆ, ಪಿವಿಸಿಯಲ್ಲಿ ಅದನ್ನು ಬಳಸುವುದಕ್ಕೆ ಆ ಗುಣವೂ ಒಂದು ಕಾರಣ. ಆದರೆ ಹಾಗೆ ಖರ್ಚಾದ ಉಂಗುರ ಬೆಸುಗೆಗೆ ಉಳಿಯುವುದಿಲ್ಲ. ಯಾವ ಸೇರ್ಪಡೆಯೂ ಈ ನಾಲ್ಕೈದು ಪ್ಲಾಸ್ಟಿಕ್‌ಗಳನ್ನು ಒಮ್ಮೆಲೇ ಸಂಭಾಳಿಸುವುದಿಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ. ತೇಲುವುದು ಮುಳುಗುವುದು ಬೇರೆಯಾಗಿ, ಪಿವಿಸಿ ಹೊರಹೋಗಿ, ಕೊನೆಗೆ ಬಿಡಿಸಲಾಗದೆ ಉಳಿದ ಎರಡು ಮೂರು ಪ್ಲಾಸ್ಟಿಕ್‌ಗಳ ಮಿಶ್ರಣಕ್ಕೆ ತಕ್ಕ ಸೇರ್ಪಡೆಯನ್ನು ಆರಿಸಿದಾಗ ಅದು ಫಲ ಕೊಡುತ್ತದೆ. ವಿಂಗಡಣೆ ಬೇಕಿಲ್ಲ, ಎಲ್ಲವನ್ನೂ ಒಟ್ಟಿಗೆ ಸುರಿದು ಸೇರ್ಪಡೆ ಹಾಕಿದರೆ ಸಾಕು ಎಂಬ ಪ್ರಚಾರವನ್ನು ನಾನು ಒಪ್ಪುವುದಿಲ್ಲ, ಇದು ರಸಾಯನಶಾಸ್ತ್ರವೇ ಒಪ್ಪದ ಮಾತು.

ವಿಂಗಡಣೆಯನ್ನು ಬಿಟ್ಟುಕೊಡಬಾರದು ಎನ್ನುವುದಕ್ಕೆ ಇನ್ನೂ ಗಂಭೀರವಾದ ಕಾರಣವಿದೆ. ಒಮ್ಮೆ ಬೆಸೆದ ಪಾಲಿಎಥಿಲೀನ್ ಮತ್ತು ನೈಲಾನ್ ಮತ್ತೆ ಬೇರೆಯಾಗುವುದು ಬಹುಮಟ್ಟಿಗೆ ಅಸಾಧ್ಯ. ಶುದ್ಧ ಪಾಲಿಎಥಿಲೀನ್ ಮತ್ತೆ ಮತ್ತೆ ಪಾಲಿಎಥಿಲೀನ್ ಆಗಿಯೇ ತಿರುಗಿ ಬರಬಲ್ಲದು. ಬೆಸೆದ ಮಿಶ್ರಣ ಮುಂದೆಂದೂ ಮಿಶ್ರಣವೇ. ಎಪಾಕ್ಸೈಡ್ ಉಂಗುರಗಳು ಅತಿಯಾಗಿ ಹೆಣೆದುಕೊಂಡರೆ ಅದು ಕರಗದ ಜೆಲ್ ಆಗಿ ಎರಡನೆಯ ಸುತ್ತಿಗೇ ದಾರಿ ಮುಚ್ಚಬಹುದು. ಆದ್ದರಿಂದ ಬೇರ್ಪಡಿಸಬಹುದಾಗಿದ್ದ ಪ್ಲಾಸ್ಟಿಕ್ಕನ್ನು ಬೆಸೆಯುವುದು ನಷ್ಟ, ಬೇರ್ಪಡಿಸಲಾಗದ್ದನ್ನು ಬೆಸೆಯುವುದು ಲಾಭ. ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಸೇರ್ಪಡೆ ಮಾರುವವರ ನಿರ್ಧಾರಕ್ಕೆ ಬಿಡುವಂಥದ್ದಲ್ಲ.

ವಿಷದ ವಿಚಾರವನ್ನೂ ಮರೆಯುವಂತಿಲ್ಲ. 2024ರಲ್ಲಿ ಹೊರಬಂದ ಪ್ಲಾಸ್ಟ್‌ಕೆಮ್ ವರದಿ ಪ್ಲಾಸ್ಟಿಕ್‌ಗೆ ಸಂಬಂಧಿಸಿದ 16,000ಕ್ಕೂ ಹೆಚ್ಚು ರಾಸಾಯನಿಕಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ 4,200ಕ್ಕೂ ಹೆಚ್ಚು ಅಪಾಯಕಾರಿ ಎಂದು ಗುರುತಿಸಿತು. ಬೆಸೆಯುವ ಸೇರ್ಪಡೆ ಇವುಗಳಲ್ಲಿ ಒಂದನ್ನೂ ತೆಗೆದುಹಾಕುವುದಿಲ್ಲ. ಹಳೆಯ ವಿದ್ಯುನ್ಮಾನ ಉಪಕರಣಗಳ ಕವಚದಲ್ಲಿದ್ದ ಬ್ರೋಮಿನ್ ಮೂಲದ ಬೆಂಕಿನಿರೋಧಕ ರಾಶಿಯೊಳಗೆ ಸೇರಿದರೆ ಹೊಸ ವಸ್ತುವಿನೊಳಗೂ ಇರುತ್ತದೆ. ಸಸ್ಯಮೂಲದ ಸೇರ್ಪಡೆಗೂ ವಲಸೆಯ, ಅಂದರೆ ಆಹಾರಕ್ಕೆ ಜಿನುಗುವ ಪ್ರಮಾಣದ, ಮಿತಿ ಉಂಟು: ಆಹಾರದ ಸಂಪರ್ಕಕ್ಕೆ ಬರುವ ವಸ್ತುಗಳಲ್ಲಿ ಎಪಾಕ್ಸೀಕರಿಸಿದ ಸೋಯಾ ಎಣ್ಣೆ ಒಂದು ಕಿಲೊ ಆಹಾರಕ್ಕೆ 60 ಮಿಲಿಗ್ರಾಂಗಿಂತ ಹೆಚ್ಚು ಸೇರಬಾರದೆಂದೂ, ಶಿಶು ಆಹಾರದ ಶೀಶೆಗಳ ಮುಚ್ಚಳದ ಪಿವಿಸಿ ಪಟ್ಟಿಗಳಿಂದ 30 ಮಿಲಿಗ್ರಾಂಗಿಂತ ಹೆಚ್ಚು ಸೇರಬಾರದೆಂದೂ ಯುರೋಪಿಯನ್ ಒಕ್ಕೂಟ ನಿಗದಿ ಮಾಡಿದೆ. ಮಿಶ್ರ ಕಸದಿಂದ ಮಾಡಿದ ವಸ್ತು ಆಹಾರದ ಡಬ್ಬಿಯಾಗಿಯೋ ಮಕ್ಕಳ ಆಟಿಕೆಯಾಗಿಯೋ ಹಿಂದಿರುಗಬಾರದು ಎಂಬುದು ನನ್ನ ದೃಢವಾದ ನಿಲುವು, ಸೇರ್ಪಡೆ ಎಷ್ಟೇ ಶುದ್ಧ ಸಸ್ಯದಿಂದ ಬಂದಿರಲಿ.

ಬೆಸುಗೆಯನ್ನು ಬೇಕೆಂದಾಗ ಬಿಚ್ಚಬಹುದಾದರೆ ಮೇಲಿನ ತೊಡಕುಗಳಲ್ಲಿ ಒಂದಾದರೂ ಸಡಿಲವಾಗುತ್ತದೆ. 2011ರಲ್ಲಿ ಫ್ರಾನ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು ವಿಟ್ರಿಮರ್ ಎಂಬ ಹೊಸ ಬಗೆಯ ವಸ್ತುವನ್ನು ವರದಿ ಮಾಡಿದರು; ಅದರ ಬಂಧಗಳು ಸಾಮಾನ್ಯ ಉಷ್ಣಾಂಶದಲ್ಲಿ ಬಿಗಿಯಾಗಿದ್ದು, ಬಿಸಿ ಏರಿದಾಗ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತ ಜಾಗ ಬದಲಿಸುತ್ತವೆ. ಅವರು ಹೆಣೆದ ಜಾಲಗಳಲ್ಲಿ ಎಪಾಕ್ಸಿಯೊಂದಿಗೆ ಕೊಬ್ಬಿನಾಮ್ಲವೂ ಇತ್ತು. ಎಪಾಕ್ಸೀಕರಿಸಿದ ಸಸ್ಯದ ಎಣ್ಣೆಯಿಂದಲೂ ಇಂಥ ಜಾಲಗಳನ್ನು ಕಟ್ಟಬಹುದು. ಗಡಿಯಲ್ಲಿ ಇಂಥ ಬದಲಾಗುವ ಬಂಧಗಳಿದ್ದರೆ ಮಿಶ್ರಣವನ್ನು ಎರಡನೆಯ, ಮೂರನೆಯ ಬಾರಿ ಕರಗಿಸಿದಾಗಲೂ ಬೆಸುಗೆ ತಾನಾಗಿ ಮತ್ತೆ ಕೂಡುತ್ತದೆ, ಕರಗದ ಜೆಲ್ ಆಗುವುದು ತಪ್ಪುತ್ತದೆ. ಸಸ್ಯದ ಅಣುಗಳ ನಿಜವಾದ ಶಕ್ತಿ ಇರುವುದು ಇಲ್ಲಿ ಎಂದು ನನಗೆ ತೋರುತ್ತದೆ, ಏಕೆಂದರೆ ಎಸ್ಟರ್, ಹೈಡ್ರಾಕ್ಸಿಲ್ ಮುಂತಾದ, ಬಂಧ ಬದಲಾವಣೆಗೆ ಬೇಕಾದ ಗುಂಪುಗಳು ಅವುಗಳಲ್ಲಿ ಮೊದಲಿನಿಂದಲೇ ಇವೆ ಅಥವಾ ಒಂದೇ ಹಂತದಲ್ಲಿ ಮೂಡುತ್ತವೆ. ಪೆಟ್ರೋಲಿಯಂನ ಸಪ್ಪೆ ಸರಪಳಿಗೆ ಅವನ್ನು ಕೂರಿಸುವುದು ಶ್ರಮದ ಕೆಲಸ.

ಇದರ ಜೊತೆಜೊತೆಗೆ ಪ್ಯಾಕೆಟ್ಟಿನ ವಿನ್ಯಾಸವೂ ಬದಲಾಗುತ್ತಿದೆ. 2025ರಲ್ಲಿ ಬಂದ ಯುರೋಪಿಯನ್ ಒಕ್ಕೂಟದ ಹೊಸ ಪ್ಯಾಕೇಜಿಂಗ್ ನಿಯಮ 2030ರೊಳಗೆ ಮಾರುಕಟ್ಟೆಯ ಪ್ಯಾಕೇಜಿಂಗ್ ಎಲ್ಲವೂ ಮರುಬಳಕೆಗೆ ಯೋಗ್ಯವಾಗಿರಬೇಕೆಂದು ಹೇಳುತ್ತದೆ. ಹಲವು ಪದರಗಳ ಹಾಳೆಯ ಬದಲು ಬಹುಪಾಲು ಒಂದೇ ಪ್ಲಾಸ್ಟಿಕ್ಕಿನ ಹಾಳೆಯನ್ನು ಮಾಡುವ ಪ್ರಯತ್ನಕ್ಕೆ ಇದರಿಂದ ಒತ್ತಾಸೆ ಸಿಕ್ಕಿದೆ. ಜಾಗತಿಕ ಪ್ಲಾಸ್ಟಿಕ್ ಒಪ್ಪಂದಕ್ಕಾಗಿ 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ಮಾಡಿದ ನಿರ್ಣಯದಿಂದ ಹೊರಟ ಮಾತುಕತೆ ಮಾತ್ರ 2025ರ ಆಗಸ್ಟ್‌ನ ಜಿನೀವಾ ಸಭೆಯಲ್ಲಿಯೂ ಒಮ್ಮತಕ್ಕೆ ಬರಲಿಲ್ಲ. ವಿನ್ಯಾಸ ಬದಲಾದರೂ ಈಗಾಗಲೇ ತಯಾರಾದ, ಇನ್ನು ಕೆಲವು ವರ್ಷ ತಯಾರಾಗಲಿರುವ ಬಹುಪದರದ ಹಾಳೆಗಳ ರಾಶಿ ಇದ್ದೇ ಇರುತ್ತದೆ. ಆ ರಾಶಿಗೆ ಯಾರಾದರೂ ಸಸ್ಯಮೂಲದ ಸೇರ್ಪಡೆಯೊಂದನ್ನು ಮುಂದಿಟ್ಟಾಗ ಅದರ ಕಾಗದಪತ್ರದಲ್ಲಿ ಮೊದಲು ಹುಡುಕಬೇಕಾದ ವಿವರಗಳಿವು: ಪರೀಕ್ಷೆಗೆ ತೆಗೆದುಕೊಂಡದ್ದು ಶುದ್ಧ ಪ್ಲಾಸ್ಟಿಕ್ಕೋ ತೊಳೆದ ಕಸವೋ, ಅದರಲ್ಲಿ ಯಾವ ಯಾವ ಪ್ಲಾಸ್ಟಿಕ್ ಎಷ್ಟೆಷ್ಟಿತ್ತು, ನೂರಕ್ಕೆ ಎಷ್ಟು ಪಾಲು ಸೇರ್ಪಡೆ ಬೇಕಾಯಿತು, ಹಿಗ್ಗುವಿಕೆಯ ಜೊತೆಗೆ ಬಡಿತ ತಾಳುವ ಶಕ್ತಿಯೂ ಹೆಚ್ಚಿತೇ, ಮತ್ತು ಅದೇ ವಸ್ತುವನ್ನು ಪುಡಿ ಮಾಡಿ ಎರಡನೆಯ ಬಾರಿ ಕರಗಿಸಿದಾಗ ಆ ಅಂಕಿಗಳಲ್ಲಿ ಎಷ್ಟು ಉಳಿಯಿತು.